ಕಾವೇರಿ ದಡದ ಟ್ರಾಯ್ ನಗರ

ಮೈಸೂರು ಸೀಮೆಯಲ್ಲಿ ಅಲಮೇಲಮ್ಮನ ಕಥೆ ಕೇಳದೆ ಬೆಳೆದ ಹೆಣ್ಣುಮಗಳು ಅಪರೂಪ. ಬೆಳದಿಂಗಳಲ್ಲಿ ಕೈತುತ್ತು ಹಾಕುತ್ತಾ ಅಜ್ಜಿ ಹೇಳಿದ್ದೋ, ದಸರೆಯ ಬೊಂಬೆ ಜೋಡಿಸುವಾಗ ಅತ್ತೆ ನೆನಪಿಸಿಕೊಂಡದ್ದೋ, ಅಂತೂ ತಲಕಾಡು ಮರಳಾದ ಕಥೆ ನಮಗೆಲ್ಲ ಬಾಯಿಪಾಠ. ಆದರೆ ಕಥೆ ಬಲ್ಲವರೆಲ್ಲ ಊರು ನೋಡಿದವರಲ್ಲ. ಊರು ನೋಡಿದವರಲ್ಲೂ ಅನೇಕರು ಪಂಚಲಿಂಗ ದರ್ಶನದ ನೂಕುನುಗ್ಗಲಿನಲ್ಲಿ ಕೈ ಮುಗಿದು ಬಂದವರೇ ಹೊರತು, ಕಾಲ ಕೆಳಗಿನ ಮರಳಿನಲ್ಲಿ ಏನಿದೆ ಎಂದು ನಿಂತು ನೋಡಿದವರಲ್ಲ.

ಗ್ರೀಕರಿಗೆ ಟ್ರಾಯ್ ಹೇಗೋ ನಮಗೆ ತಲಕಾಡು ಹಾಗೆ. ಎರಡು ಕಡೆಯೂ ಬಾಳಿ ಬದುಕಿದ ಒಂದು ದೊಡ್ಡ ಊರು, ಒಬ್ಬ ಹೆಂಗಸು, ಒಂದಿಷ್ಟು ಒಡವೆ, ಮಣ್ಣಿನಡಿ ಸೇರಿದ ವೈಭವ. ಎರಡು ಕಡೆಯೂ ಕಥೆ ಮೊದಲು, ಅಗೆದು ನೋಡಿದ್ದು ಆಮೇಲೆ.

ದಾರಿಯಲ್ಲಿ ಹೆಮ್ಮರಗಾಲ

ತಲಕಾಡಿಗೆ ಮೈಸೂರಿನಿಂದ ನೇರವಾಗಿ ಹೋಗಬಹುದು, ಸುಮಾರು 45 ಕಿಲೋಮೀಟರು. ಆದರೆ ಒಂದು ದಿನ ಪೂರ್ತಿ ಬಿಡುವಿದ್ದರೆ ನಂಜನಗೂಡಿನ ಕಡೆಯಿಂದ ಹೊರಡಿ. ಬೆಳಗ್ಗೆ ಬೇಗ ನಂಜುಂಡೇಶ್ವರನ ದರ್ಶನ ಮುಗಿಸಿ, ಅದೇ ತಾಲ್ಲೂಕಿನ ಹೆಮ್ಮರಗಾಲಕ್ಕೆ ಹೋಗಿ, ಅಲ್ಲಿಂದ ತಿರುಮಕೂಡಲು ನರಸೀಪುರದ ದಾರಿ ಹಿಡಿಯಬಹುದು.

ಹೆಮ್ಮರಗಾಲ ಹಳ್ಳಿ ಚಿಕ್ಕದು, ಹೆಸರು ದೊಡ್ಡದು. ಇಲ್ಲಿರುವವನು ಸಂತಾನ ವೇಣುಗೋಪಾಲ. ಮದುವೆಯಾಗಿ ವರ್ಷಗಳು ಕಳೆದರೂ ಮಡಿಲು ತುಂಬಲಿಲ್ಲ ಎಂದು ಕೊರಗುವ ದಂಪತಿಗಳು ದೂರದೂರದಿಂದ ಹುಡುಕಿಕೊಂಡು ಬರುತ್ತಾರೆ. ಹರಕೆ ಹೊರಲು ಬಂದವರ ಮುಖ ಒಂದು ಬಗೆ, ಹರಕೆ ತೀರಿಸಲು ಮಗುವನ್ನು ಎತ್ತಿಕೊಂಡು ಬಂದವರ ಮುಖ ಇನ್ನೊಂದು ಬಗೆ. ಎರಡನ್ನೂ ಒಂದೇ ಸಾಲಿನಲ್ಲಿ ನೋಡುವಾಗ ಹೊಟ್ಟೆಯೊಳಗೆ ಏನೋ ಆಗುತ್ತದೆ. ತಲಕಾಡಿಗೆ ಹೋಗುವ ಮೊದಲು ಈ ಸಾಲನ್ನು ನೋಡಿಕೊಂಡಿರುವುದು ಒಳ್ಳೆಯದು. ಅಲ್ಲಿಯ ಕಥೆಯಲ್ಲಿಯೂ ಮಕ್ಕಳ ಮಾತೇ ಬರುತ್ತದೆ, ಆದರೆ ವರವಾಗಿ ಅಲ್ಲ, ಶಾಪವಾಗಿ.

ತಿರುಮಕೂಡಲಿನಲ್ಲಿ ಕಾವೇರಿ ಕಪಿಲೆಯರು ಸೇರುತ್ತಾರೆ. ಕಣ್ಣಿಗೆ ಕಾಣದ ಸ್ಫಟಿಕ ಸರೋವರವನ್ನೂ ಸೇರಿಸಿ ತ್ರಿವೇಣಿ ಎನ್ನುತ್ತಾರೆ. 1989ರಿಂದ ಇಲ್ಲಿ ಮೂರು ವರ್ಷಕ್ಕೊಮ್ಮೆ ಕುಂಭಮೇಳ ನಡೆಯುತ್ತಾ ಬಂದಿದೆ. ಗುಂಜಾ ನರಸಿಂಹನಿಗೆ ಕೈಮುಗಿಯಿರಿ. ಅವನ ಕೈಯಲ್ಲಿ ಗುಲಗಂಜಿ. ಕಾಶಿಗಿಂತ ಈ ಕ್ಷೇತ್ರ ಒಂದು ಗುಲಗಂಜಿ ತೂಕ ಹೆಚ್ಚು ಎಂದು ಊರವರು ನಗುತ್ತಲೇ ಹೇಳುತ್ತಾರೆ. ಅಲ್ಲಿಂದ ತಲಕಾಡಿಗೆ ಬಸ್ಸಿನಲ್ಲಿ ಹೆಚ್ಚು ಹೊತ್ತಿನ ದಾರಿಯಲ್ಲ. ಗದ್ದೆ, ನಾಲೆ, ತೆಂಗು, ಕಬ್ಬು, ಎಲ್ಲೆಲ್ಲೂ ಹಸಿರು. ಇಂಥ ಹಸಿರಿನ ನಡುವೆ ಮರಳುಗಾಡು ಎಲ್ಲಿಂದ ಬರಬೇಕು ಎಂದು ಅನ್ನಿಸುವಷ್ಟರಲ್ಲಿ ತಲಕಾಡು ಬಂದೇಬಿಡುತ್ತದೆ.

ತಲ, ಕಾಡ ಮತ್ತು ಗಂಗರಸರು

ಊರು ದಾಟಿ ವೈದ್ಯೇಶ್ವರನ ಗುಡಿಯ ಹತ್ತಿರ ಬಂದರೆ ಮರಳು ಶುರು. ಸಣ್ಣ ಮರಳಲ್ಲ, ದಿಣ್ಣೆ ದಿಣ್ಣೆಯಾಗಿ ಬಿದ್ದ ಮರಳು. ಅದು ಹಾರದಿರಲೆಂದು ನೆಟ್ಟ ನೀಲಗಿರಿ ಮರಗಳು. ಕಾಲು ಹೂತುಹೋಗುವುದರಿಂದ ಚಪ್ಪಲಿ ಕೈಗೆ ಬರುತ್ತದೆ. ದಿಣ್ಣೆ ಹತ್ತಿ ಇಳಿದರೆ ಒಂದೊಂದು ಹಳ್ಳದಲ್ಲಿ ಒಂದೊಂದು ಗುಡಿ. ಪಾತಾಳೇಶ್ವರನನ್ನು ನೋಡಬೇಕಾದರೆ ಮೆಟ್ಟಿಲಿಳಿದು ಹೋಗಬೇಕು. ಹೆಸರಿಗೆ ತಕ್ಕ ಹಾಗೆಯೇ ಇದ್ದಾನೆ. ಮರಳೇಶ್ವರನೂ ಹಾಗೆಯೇ. ಇವರಿಬ್ಬರ ಜೊತೆ ವೈದ್ಯೇಶ್ವರ, ವಿಜಯಾಪುರದ ಅರ್ಕೇಶ್ವರ, ಮುಡುಕುತೊರೆಯ ಗುಡ್ಡದ ಮೇಲಿನ ಮಲ್ಲಿಕಾರ್ಜುನ ಸೇರಿ ಪಂಚಲಿಂಗಗಳು. ಕಾರ್ತಿಕದ ಸೋಮವಾರ ಕುಹೂಯೋಗ, ವಿಶಾಖಾ ನಕ್ಷತ್ರ ಕೂಡಿಬಂದಾಗ ಪಂಚಲಿಂಗ ದರ್ಶನ. 2009ರಲ್ಲಿ ಆಯಿತು, 2013ರಲ್ಲಿ ಆಯಿತು, ಆಮೇಲೆ ಏಳು ವರ್ಷ ಕಾದು 2020ರ ಡಿಸೆಂಬರಿನಲ್ಲಿ, ಕೊರೊನಾ ಕಟ್ಟುಪಾಡುಗಳ ನಡುವೆ ನಡೆಯಿತು.

ಊರಿಗೆ ಈ ಹೆಸರು ಬಂದದ್ದು ತಲ, ಕಾಡ ಎಂಬ ಇಬ್ಬರು ಬೇಡರ ಹುಡುಗರಿಂದ ಎನ್ನುತ್ತದೆ ಐತಿಹ್ಯ. ಆನೆಗಳು ಒಂದು ಬೂರುಗದ ಮರವನ್ನು ಪೂಜಿಸುವುದನ್ನು ಕಂಡು, ಒಳಗೇನಿದೆ ನೋಡೋಣ ಎಂದು ಇವರು ಕೊಡಲಿ ಹಾಕಿದರಂತೆ. ಮರದಿಂದ ರಕ್ತ ಸುರಿಯಿತು. ಅದೇ ಮರದ ಎಲೆ, ಹಣ್ಣು ಅರೆದು ಗಾಯಕ್ಕೆ ಕಟ್ಟಿ ಎಂದು ಅಶರೀರವಾಣಿ ಆಯಿತು. ಕಟ್ಟಿದರು, ವಾಸಿಯಾಯಿತು. ತನ್ನ ಗಾಯಕ್ಕೆ ತಾನೇ ಮದ್ದು ಹೇಳಿದ ಶಿವ ವೈದ್ಯನಾಥನಾದ. ಈ ಕ್ಷೇತ್ರದ ಮೊದಲ ಕಥೆಯೇ ಗಾಯದ್ದು, ಮದ್ದಿನದ್ದು. ಮುಂದೆ ಬರುವ ಕಥೆಯಲ್ಲೂ ಒಬ್ಬ ರೋಗಿ ಇಲ್ಲಿಗೇ ಬರುತ್ತಾನೆ.

ಇನ್ನು ಇತಿಹಾಸಕ್ಕೆ ಬಂದರೆ, ಗಂಗರಸರು ಮೊದಲು ಆಳುತ್ತಿದ್ದದ್ದು ಕೋಲಾರದಿಂದ. ಸುಮಾರು ಐದನೆಯ ಶತಮಾನದ ಹೊತ್ತಿಗೆ ರಾಜಧಾನಿ ತಲಕಾಡಿಗೆ ಬಂತು. ಸಂಸ್ಕೃತ ಶಾಸನಗಳಲ್ಲಿ ಇದು ತಳವನಪುರ. ದುರ್ವಿನೀತ, ಶ್ರೀಪುರುಷರಂಥ ಅರಸರ ಮನೆತನ ಅದು. ಶ್ರವಣಬೆಳಗೊಳದ ಗೊಮ್ಮಟನನ್ನು ಕಡೆಸಿದ ಚಾವುಂಡರಾಯ ಮಂತ್ರಿಯಾಗಿದ್ದದ್ದು ಈ ಗಂಗರ ಹತ್ತಿರವೇ. ಹನ್ನೊಂದನೆಯ ಶತಮಾನದ ಆರಂಭದಲ್ಲಿ ಚೋಳರು ಗೆದ್ದು ಊರಿಗೆ ರಾಜರಾಜಪುರ ಎಂದು ಹೆಸರಿಟ್ಟರು. ನೂರು ವರ್ಷದ ಮೇಲೆ ಹೊಯ್ಸಳ ವಿಷ್ಣುವರ್ಧನ ಚೋಳರನ್ನು ಓಡಿಸಿ ‘ತಲಕಾಡುಗೊಂಡ’ ಎನಿಸಿಕೊಂಡ. ಆ ಗೆಲುವಿನ ನೆನಪಿಗೆ 1117ರಲ್ಲಿ ಇಲ್ಲಿ ಕೀರ್ತಿನಾರಾಯಣನ ಗುಡಿ ಎದ್ದಿತು. ಬೇಲೂರಿನ ಚೆನ್ನಕೇಶವ ಪ್ರತಿಷ್ಠೆಯಾದದ್ದೂ ಅದೇ ವರ್ಷ. ಕೀರ್ತಿನಾರಾಯಣನ ಗುಡಿಯನ್ನು ಪುರಾತತ್ವ ಇಲಾಖೆಯವರು ಕಲ್ಲು ಕಲ್ಲು ಬಿಚ್ಚಿ ಮತ್ತೆ ಜೋಡಿಸಿ ನಿಲ್ಲಿಸಿದ್ದಾರೆ.

ಮುತ್ತಿನ ಮೂಗುತಿ

ವಿಜಯನಗರದ ಕಾಲ ಮುಗಿಯುತ್ತಾ ಬಂದಾಗ ಶ್ರೀರಂಗಪಟ್ಟಣದಲ್ಲಿ ಅವರ ಪ್ರತಿನಿಧಿಯೊಬ್ಬ ಇದ್ದ. ಕಥೆ ಅವನನ್ನು ಶ್ರೀರಂಗರಾಯ ಎನ್ನುತ್ತದೆ. ಚರಿತ್ರೆ ಬರೆದವರು 1610ರಲ್ಲಿ ಅಲ್ಲಿದ್ದವನು ತಿರುಮಲರಾಯ ಎನ್ನುತ್ತಾರೆ. ಹೆಸರು ಯಾವುದಾದರೂ ಇರಲಿ, ಕಥೆ ಹೀಗಿದೆ.

ರಾಯನಿಗೆ ಬೆನ್ನುಫಣಿ, ಅಂದರೆ ಬೆನ್ನ ಮೇಲೆ ವಾಸಿಯಾಗದ ಹುಣ್ಣು. ವೈದ್ಯನಾಥನ ಸನ್ನಿಧಿಯಲ್ಲಾದರೂ ಗುಣವಾದೀತೆಂದು ಹೆಂಡತಿಯರೊಂದಿಗೆ ತಲಕಾಡಿಗೆ ಬಂದ. ಗುಣವಾಗಲಿಲ್ಲ, ತೀರಿಕೊಂಡ. ಶ್ರೀರಂಗಪಟ್ಟಣ ಮೈಸೂರಿನ ರಾಜ ಒಡೆಯರ ಕೈಸೇರಿತು. ರಾಯನ ಹೆಂಡತಿ ಅಲಮೇಲಮ್ಮನ ಹತ್ತಿರ ಬೆಲೆಬಾಳುವ ಒಡವೆಗಳಿದ್ದವು. ಮಂಗಳವಾರ, ಶುಕ್ರವಾರ ಅವನ್ನು ಶ್ರೀರಂಗಪಟ್ಟಣದ ರಂಗನಾಯಕಿ ಅಮ್ಮನವರಿಗೆ ಅಲಂಕಾರಕ್ಕೆ ಕೊಟ್ಟು, ಮತ್ತೆ ತರಿಸಿ ಇಟ್ಟುಕೊಳ್ಳುವ ವಾಡಿಕೆ. ದೇವಿಗೆ ಹಾಕುವ ಒಡವೆ ದೇವಿಯದ್ದೇ ಅಲ್ಲವೇ ಎಂದು ಅರಮನೆಯಿಂದ ಜನ ಬಂದರು. ಆಕೆ ಮುತ್ತಿನ ಮೂಗುತಿಯೊಂದನ್ನು ಕೊಟ್ಟು ಕಳಿಸಿದಳು. ಅಷ್ಟಕ್ಕೆ ತೃಪ್ತಿಯಾಗಲಿಲ್ಲ, ಮತ್ತೆ ಬಂದರು. ಉಳಿದ ಒಡವೆಯನ್ನು ಸೆರಗಿಗೆ ಕಟ್ಟಿಕೊಂಡು ಆಕೆ ಮಾಲಂಗಿಯ ಬಳಿ ಕಾವೇರಿಗೆ ಹಾರಿದಳು. ಹಾರುವ ಮುನ್ನ ಮೂರು ಶಾಪ ಕೊಟ್ಟಳಂತೆ: ತಲಕಾಡಿಗೆ ಮರಳು, ಮಾಲಂಗಿಗೆ ಮಡು, ಮೈಸೂರು ದೊರೆಗಳಿಗೆ ಮಕ್ಕಳಿಲ್ಲದ ಕೊರಗು.

ಗುಡಿಯ ಮುಂದೆ ಹೂ ಮಾರುತ್ತಿದ್ದ ವಯಸ್ಸಾದ ಹೆಂಗಸೊಬ್ಬರನ್ನು, ಆಕೆ ಹಾಗೆ ಶಪಿಸಬಹುದಿತ್ತೇ ಎಂದು ಕೇಳಿದೆ. ಮಾಲೆ ಕಟ್ಟುವ ಕೈ ನಿಲ್ಲಿಸದೆಯೇ ಹೇಳಿದರು: “ಅವಳ ಒಡವೆ ಅವಳು ಕೊಡ್ನಿಲ್ಲ. ಅದ್ರಲ್ಲಿ ತಪ್ಪೇನದೆ ಕಣ್ರವ್ವಾ? ಗಂಡನ್ನ ಕಳ್ಕಂಡ ಹೆಂಗ್ಸಿನ ತಾವ ಒಡ್ವೆ ಕೇಳಕ್ಕೆ ಹೋದವ್ರುದ್ದು ತಪ್ಪು.”

ನ್ಯಾಯ ಇಷ್ಟೇ ಸರಳ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಹೆಣ್ಣಿನ ಕೈಯಲ್ಲಿರುವ ಆಸ್ತಿಗೆ ಆಕೆಯೇ ಪೂರ್ಣ ಒಡತಿ ಎಂದು ಬರೆಯಿತು. ಅದಕ್ಕೆ ಮೂರು ಶತಮಾನಕ್ಕೂ ಹಿಂದೆ ಆಕೆಗೆ ಇದ್ದ ಕೋರ್ಟು ಕಾವೇರಿಯ ಮಡು ಒಂದೇ.

ಅತ್ತ ಟ್ರಾಯ್

ಟ್ರಾಯ್ ಕಥೆಯೂ ಹೆಣ್ಣಿನಿಂದಲೇ ಶುರು. ಸ್ಪಾರ್ಟಾದ ದೊರೆ ಮೆನಲೇಯಸನ ಹೆಂಡತಿ ಹೆಲೆನ್ ಚೆಲುವೆ. ಟ್ರಾಯ್ ನಗರದ ರಾಜಕುಮಾರ ಪ್ಯಾರಿಸ್ ಅವಳನ್ನು ಕರೆದೊಯ್ದ. ಗ್ರೀಕರು ಹಡಗುಗಳಲ್ಲಿ ಬಂದು ಹತ್ತು ವರ್ಷ ಮುತ್ತಿಗೆ ಹಾಕಿದರು. ಕೊನೆಗೆ ಮರದ ಕುದುರೆಯ ಹೊಟ್ಟೆಯಲ್ಲಿ ಅಡಗಿ ಒಳಹೊಕ್ಕು ಊರನ್ನು ಸುಟ್ಟರು. ಇದರಲ್ಲಿ ಹತ್ತನೆಯ ವರ್ಷದ ಕೆಲವೇ ವಾರಗಳ ಕಥೆ ಹೋಮರನ ‘ಇಲಿಯಡ್’. ಅದು ಮುಗಿಯುವುದು ಗೆಲುವಿನಲ್ಲಲ್ಲ. ಸತ್ತ ಹೆಕ್ಟರನ ಮುಂದೆ ಅವನ ಹೆಂಡತಿ, ತಾಯಿ, ಹೆಲೆನ್ ಮೂವರೂ ಗೋಳಾಡುತ್ತಾರೆ; ಅವನ ಸಂಸ್ಕಾರದೊಂದಿಗೆ ಕಾವ್ಯ ಮುಗಿಯುತ್ತದೆ. ಯುದ್ಧ ಮಾಡಿದವರು ಗಂಡಸರು. ‘ಹೆಲೆನ್‌ಳಿಂದ ಟ್ರಾಯ್ ಹಾಳಾಯಿತು’ ಎಂಬ ಮಾತು ಮಾತ್ರ ಮೂರು ಸಾವಿರ ವರ್ಷದಿಂದ ನಡೆದುಬಂದಿದೆ.

ಟ್ರಾಯ್ ಬರೀ ಕಟ್ಟುಕಥೆ ಎಂದು ಬಹಳ ಪಂಡಿತರು ನಂಬಿದ್ದ ಕಾಲವಿತ್ತು. ಹೈನ್‌ರಿಚ್ ಶ್ಲೀಮನ್ ಎಂಬ ಜರ್ಮನ್ ವ್ಯಾಪಾರಿ ಹೋಮರನನ್ನು ನಂಬಿಕೊಂಡು 1870ರಲ್ಲಿ ಈಗಿನ ತುರ್ಕಿಯ ಹಿಸಾರ್ಲಿಕ್ ಎಂಬ ದಿಬ್ಬದಲ್ಲಿ ಗುದ್ದಲಿ ಹಾಕಿಸಿದ. ಆ ದಿಬ್ಬದ ಗುಟ್ಟನ್ನು ಅವನಿಗೆ ಹೇಳಿದವನು ಅಲ್ಲೇ ಇದ್ದ ಫ್ರಾಂಕ್ ಕ್ಯಾಲ್ವರ್ಟ್. 1873ರಲ್ಲಿ ಚಿನ್ನದ ರಾಶಿ ಸಿಕ್ಕಿತು. ಶ್ಲೀಮನ್ ಅದನ್ನು ತನ್ನ ಹೆಂಡತಿ ಸೋಫಿಯಾಳಿಗೆ ತೊಡಿಸಿ ಫೋಟೋ ತೆಗೆಸಿದ. ‘ಹೆಲೆನ್‌ಳ ಒಡವೆ’ ಎಂದು ಜಗತ್ತೆಲ್ಲ ಸುದ್ದಿಯಾಯಿತು. ಆ ಒಡವೆಗಳನ್ನು ಸೋಫಿಯಾ ತನ್ನ ಶಾಲಿನಲ್ಲಿ ಕಟ್ಟಿ ತಂದಳೆಂದೂ ಬರೆದ. ನಿಜವಾಗಿ ಆಕೆ ಆಗ ಅಲ್ಲಿರಲೇ ಇಲ್ಲ, ಅಥೆನ್ಸಿನಲ್ಲಿದ್ದಳು! ಒಡವೆಯೂ ಹೆಲೆನ್‌ಳದ್ದಲ್ಲ. ಯುದ್ಧ ನಡೆಯಿತೆನ್ನುವ ಕಾಲಕ್ಕಿಂತ ಸಾವಿರಕ್ಕೂ ಹೆಚ್ಚು ವರ್ಷ ಹಳೆಯದು. ಏಕೆಂದರೆ ಆ ದಿಬ್ಬದಲ್ಲಿ ಇದ್ದದ್ದು ಒಂದು ಊರಲ್ಲ, ಒಂದರ ಮೇಲೊಂದು ಒಂಬತ್ತು ಊರು, ನಾವು ಚಪಾತಿ ಮಾಡಿ ಅಡುಕಿಟ್ಟ ಹಾಗೆ. ಆತುರಗಾರ ಶ್ಲೀಮನ್ ಮೇಲಿನವನ್ನು ಸೀಳಿಕೊಂಡು ತಳದ ಕಡೆಗೆ ಇಳಿದಿದ್ದ. ಬರ್ಲಿನ್ ಸೇರಿದ ಚಿನ್ನ 1945ರಲ್ಲಿ ಕಾಣೆಯಾಯಿತು. ಅದು ಮಾಸ್ಕೋದಲ್ಲಿದೆ ಎಂದು ರಷ್ಯಾದವರು ಒಪ್ಪಿಕೊಂಡದ್ದು 1993ರಲ್ಲಿ.

ಟ್ರಾಯ್ ಬಗ್ಗೆ ನಮಗೆ ಬೇಕಾದ ಇನ್ನೊಂದು ಸಂಗತಿ ಇದೆ. ಹಿಂದೆ ಸಮುದ್ರದ ಕೊಲ್ಲಿಯೊಂದು ಆ ಊರಿನ ಹತ್ತಿರದವರೆಗೂ ಚಾಚಿತ್ತು. ಸ್ಕಮಾಂಡರ್ ನದಿ ವರ್ಷ ವರ್ಷವೂ ಹೂಳು ತಂದು ತುಂಬಿ, ಈಗ ಕಡಲು ಮೈಲಿಗಟ್ಟಲೆ ದೂರ ಸರಿದಿದೆ. ಊರನ್ನು ಕಥೆಯಲ್ಲಿ ಸುಟ್ಟದ್ದು ಬೆಂಕಿ, ಬಂದರನ್ನು ತಿಂದದ್ದು ನದಿ. ತಲಕಾಡಿನಲ್ಲೂ ನದಿಯ ಕೈವಾಡವೇ.

ಮರಳು ಬಂದದ್ದು ಹೇಗೆ?

ಕಾವೇರಿ ತಲಕಾಡಿನ ಹತ್ತಿರ ಗಕ್ಕನೆ ತಿರುಗುತ್ತಾಳೆ. ಇಲ್ಲಿ ಹೊಳೆ ನಾಲ್ಕು ದಿಕ್ಕಿಗೂ ಹರಿಯುತ್ತದೆ ಎಂದು ಕ್ಷೇತ್ರಮಹಿಮೆ ಹೇಳುವವರು ಹೇಳುವುದು ಅದಕ್ಕೇ. ತಿರುವಿನಲ್ಲಿ ನೀರಿನ ಓಟ ತಗ್ಗಿದ ಕಡೆ ಮರಳು ಕೂರುವುದು ಸಹಜ. ಇದರ ಜೊತೆಗೆ ಹದಿನಾಲ್ಕನೆಯ ಶತಮಾನದಲ್ಲಿ ವಿಜಯನಗರದ ಮಾಧವ ಮಂತ್ರಿ ಇಲ್ಲಿ ಕಟ್ಟೆ ಕಟ್ಟಿಸಿದನೆಂದು ಪ್ರತೀತಿ. ಅವನ ಹೆಸರಿನ ನಾಲೆಯ ನೀರಿನಲ್ಲೇ ಸುತ್ತಲ ಗದ್ದೆಗಳು ಹಸಿರಾಗಿರುವುದು. ಕಟ್ಟೆಯಿಂದ ಹೊಳೆಯ ಓಟ ಬದಲಾಗಿ, ಬೇಸಗೆಯಲ್ಲಿ ಮರಳಿನ ಹಾಸು ಬಯಲಾಯಿತು. ಮುಂಗಾರಿನ ನೈರುತ್ಯದ ಗಾಳಿ ಅದನ್ನು ಎತ್ತಿ ದಡದ ಊರಿನ ಮೇಲೆ ಸುರಿಯಿತು ಎಂಬುದು ವಿದ್ವಾಂಸರ ವಿವರಣೆ. ಅಂದರೆ ಮರಳಿಗೆ ಕಾರಣವಾದ ಕೆಲಸ ನಡೆದದ್ದು ಅಲಮೇಲಮ್ಮ ಹುಟ್ಟುವುದಕ್ಕೂ ಎಷ್ಟೋ ತಲೆಮಾರು ಮೊದಲು!

19ನೆಯ ಶತಮಾನದಲ್ಲಿ ಮೈಸೂರಿನ ಗೆಜೆಟಿಯರ್ ಬರೆದ ಬಿ. ಎಲ್. ರೈಸ್ ಸಾಹೇಬರು ಮರಳಿನ ದಿಣ್ಣೆ ವರ್ಷಕ್ಕೆ 9–10 ಅಡಿ ಊರಿನೊಳಕ್ಕೆ ಬರುತ್ತಿತ್ತು, ಮೂರು ಕಡೆಯಿಂದಲೂ ಒತ್ತುತ್ತಿತ್ತು, ಜನ ಮನೆ ಬಿಟ್ಟು ಹಿಂದೆ ಹಿಂದೆ ಸರಿಯುತ್ತಿದ್ದರು ಎಂದು ದಾಖಲಿಸಿದ್ದಾರೆ. ಮೂವತ್ತಕ್ಕೂ ಹೆಚ್ಚು ಗುಡಿಗಳು ಮರಳಿನಡಿ ಇವೆ ಎಂಬ ಮಾತೂ ಅಲ್ಲಿದೆ.

ವರ್ಷಕ್ಕೆ ಹತ್ತು ಅಡಿ! ಗುಡಿಗಳ ಲೆಕ್ಕ ಬರೆದಿಟ್ಟಿದ್ದಾರೆ, ಮನೆಗಳ ಲೆಕ್ಕ ಯಾರೂ ಇಟ್ಟಿಲ್ಲ. ಒಂದು ವರ್ಷ ಹಿತ್ತಲಿನ ತೊಗರಿ ಹೋಗುತ್ತದೆ, ಮರುವರ್ಷ ದನದ ಕೊಟ್ಟಿಗೆ, ಅದರ ಮುಂದಿನ ವರ್ಷ ಅಡುಗೆಮನೆ. ಬೆಳಗಾಗೆದ್ದು ಒಲೆಯ ಮರಳು ತೆಗೆಯುವುದು, ಮುಚ್ಚಿಟ್ಟ ಹಿಟ್ಟಿನಲ್ಲೂ ಮರಳು, ಮಗುವಿನ ತೊಟ್ಟಿಲಿನಲ್ಲೂ ಮರಳು. ಗುಡಿಸಿ ಗುಡಿಸಿ ಸಾಕಾಗಿ ಕೊನೆಗೆ ಒಂದು ದಿನ ಪಾತ್ರೆಪಡಗ ಕಟ್ಟಿಕೊಂಡು ಹೊಸಲಿಗೆ ನಮಸ್ಕರಿಸಿ ಹೊರಟ ಹೆಂಗಸರು ಎಷ್ಟು ಜನವೋ. ಅಂಥವರು ‘ಹೀಗೇಕಾಯಿತು’ ಎಂದು ಕೇಳಿಕೊಂಡಾಗ, ಗಾಳಿ, ತಿರುವು, ಕಟ್ಟೆ ಎಂಬ ಉತ್ತರ ಸಮಾಧಾನ ಕೊಡುತ್ತಿರಲಿಲ್ಲ. ಇಷ್ಟು ದೊಡ್ಡ ನಷ್ಟಕ್ಕೆ ಇಷ್ಟೇ ದೊಡ್ಡ ಅನ್ಯಾಯವೊಂದು ಕಾರಣವಾಗಿರಬೇಕು ಎನ್ನಿಸಿರಬೇಕು. ಹಾಗೆ ಅನ್ಯಾಯಕ್ಕೊಳಗಾದ ಹೆಣ್ಣಿನ ಕಥೆ ಈ ಊರಿನಲ್ಲಿ ಸಿದ್ಧವಾಗಿಯೇ ಇತ್ತು.

1990ರ ದಶಕದ ಆರಂಭದಲ್ಲಿ ರಾಜ್ಯ ಪುರಾತತ್ವ ಇಲಾಖೆ ಮತ್ತು ಮೈಸೂರು ವಿಶ್ವವಿದ್ಯಾನಿಲಯದವರು ಇಲ್ಲಿ ಅಗೆದು ನೋಡಿದರು. ಇಟ್ಟಿಗೆಯ ತಳಪಾಯ, ಬಸದಿಯ ಅವಶೇಷ, ಮಡಕೆ ಕುಡಿಕೆಯ ಚೂರು, ಮಣಿಗಳು ಸಿಕ್ಕವು. ಟ್ರಾಯ್‌ನಂತೆ ಚಿನ್ನದ ರಾಶಿ ಸಿಗಲಿಲ್ಲ. ಆದರೆ ಯಾರೋ ತಾಯಿ ಅನ್ನ ಬೇಯಿಸಿದ ಮಡಕೆಯ ಚೂರು ಸಿಕ್ಕರೆ ಅದೇನು ಕಡಿಮೆಯೇ?

ಮೂರನೆಯ ಶಾಪ

ಮರಳಿಗೆ ಗಾಳಿ ಕಾರಣವೆನ್ನಬಹುದು, ಮಡುವಿಗೆ ಹೊಳೆಯ ಸುಳಿ ಕಾರಣವೆನ್ನಬಹುದು. ಮೂರನೆಯ ಶಾಪ ಮಾತ್ರ ಜನರ ಬಾಯಲ್ಲಿ ಇಂದಿಗೂ ಇದೆ. ರಾಜ ಒಡೆಯರ ಮಗ ನರಸರಾಜ ತಂದೆಗಿಂತ ಮೊದಲೇ ತೀರಿಕೊಂಡ. 1617ರಲ್ಲಿ ಪಟ್ಟ ಮೊಮ್ಮಗನಿಗೆ ಬಂತು. ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ದತ್ತು ತೆಗೆದುಕೊಂಡರು. ಆ ದತ್ತುಪುತ್ರ ಚಾಮರಾಜೇಂದ್ರರಿಗೆ ಗಂಡುಮಕ್ಕಳಾದರು, ಅವರ ಮಗ ನಾಲ್ವಡಿಯವರಿಗೆ ಆಗಲಿಲ್ಲ. 1940ರಲ್ಲಿ ತಮ್ಮನ ಮಗ ಜಯಚಾಮರಾಜರು ಪಟ್ಟಕ್ಕೆ ಬಂದರು. ಅವರ ಮಗ ಶ್ರೀಕಂಠದತ್ತರು 2013ರಲ್ಲಿ ಮಕ್ಕಳಿಲ್ಲದೆ ತೀರಿಕೊಂಡರು. 2015ರಲ್ಲಿ ದತ್ತು ಬಂದ ಯದುವೀರರಿಗೆ 2017ರ ಡಿಸೆಂಬರಿನಲ್ಲಿ ಗಂಡುಮಗುವಾದಾಗ, ಶಾಪ ಕಳೆಯಿತೇ ಎಂದು ಪತ್ರಿಕೆಗಳೆಲ್ಲ ಬರೆದವು. ಲೆಕ್ಕ ಹಾಕಿದರೆ ನಡುನಡುವೆ ಮಕ್ಕಳಾದ ದೊರೆಗಳೂ ಇದ್ದೇ ಇದ್ದಾರೆ. ಆದರೆ ಶಾಪದ ಲೆಕ್ಕದಲ್ಲಿ ಮಕ್ಕಳಾಗದವರನ್ನು ಮಾತ್ರ ಎಣಿಸುವುದು ವಾಡಿಕೆ.

ಇಲ್ಲಿ ನಾವು ಹೆಂಗಸರು ಒಂದು ನಿಮಿಷ ಯೋಚಿಸಬೇಕು. ಮಕ್ಕಳಾಗದಿರುವುದಕ್ಕೆ ಹಿಂದೆ ಶಾಪ ಎನ್ನುತ್ತಿದ್ದರು. ಈಗಲೂ ಎಷ್ಟೋ ಮನೆಗಳಲ್ಲಿ ಸೊಸೆಯ ದೋಷ ಎನ್ನುತ್ತಾರೆ. ಗಂಡ ಹೆಂಡತಿ ಇಬ್ಬರಲ್ಲಿ ಯಾರಲ್ಲಿ ಬೇಕಾದರೂ ಕಾರಣವಿರಬಹುದು, ಇಬ್ಬರೂ ವೈದ್ಯರ ಬಳಿ ಹೋಗಬೇಕು ಎಂಬುದು ಈಗ ಎಲ್ಲರಿಗೂ ತಿಳಿದ ಮಾತು. ಹೆಮ್ಮರಗಾಲದ ಸಾಲಿನಲ್ಲಿ ದಂಪತಿಗಳು ಜೊತೆಯಾಗಿ ನಿಲ್ಲುತ್ತಾರಲ್ಲ, ಆಸ್ಪತ್ರೆಯ ಸಾಲಿನಲ್ಲೂ ಹಾಗೆಯೇ ನಿಂತರೆ ಎಷ್ಟೋ ಹೆಣ್ಣುಮಕ್ಕಳ ಕಣ್ಣೀರು ತಪ್ಪುತ್ತದೆ.

ಅಲಮೇಲಮ್ಮನ ವಿಷಯದಲ್ಲಿ ನಮ್ಮವರು ಗ್ರೀಕರಿಗಿಂತ ಒಂದು ಹೆಜ್ಜೆ ಮುಂದೆ ಎನ್ನಬೇಕು. ಅವರು ಹೆಲೆನ್‌ಳ ಮೇಲೆ ದೂರು ಹೊರಿಸಿದರು. ನಮ್ಮ ಕಥೆ ಶಾಪ ಕೊಟ್ಟವಳನ್ನು ದೂರುವುದಿಲ್ಲ. ಆಕೆಗೆ ಅನ್ಯಾಯವಾಯಿತು ಎಂದು ಗೆದ್ದವರ ಮನೆಯಲ್ಲೇ ಒಪ್ಪಿಕೊಂಡರು. ರಾಜ ಒಡೆಯರು ಪಶ್ಚಾತ್ತಾಪಪಟ್ಟು ಆಕೆಯ ಚಿನ್ನದ ಪ್ರತಿಮೆ ಮಾಡಿಸಿ ಪೂಜಿಸಿದರೆಂದೂ, ಅರಮನೆಯಲ್ಲಿ ನವರಾತ್ರಿಯ ಸಮಯ ಆಕೆಗೆ ಪೂಜೆ ನಡೆದುಬಂದಿತೆಂದೂ ಹೇಳುತ್ತಾರೆ. ಊರು ಮುಚ್ಚಿದ್ದು ಹೇಗೆ ಎಂದು ಗುದ್ದಲಿ ಹೇಳೀತು. ಆ ಊರಿನಲ್ಲಿ ಒಬ್ಬ ಹೆಂಗಸಿನ ಒಡವೆಗೆ ಕೈ ಹಾಕಿದರು ಎಂಬುದನ್ನು ನಾನೂರು ವರ್ಷ ಮರೆಯದೆ ಹೇಳಿಕೊಂಡು ಬಂದವರು ಅಜ್ಜಿಯರೇ.

ಹೋಗಿಬರುವವರಿಗೆ ನಾಲ್ಕು ಮಾತು

ಮೈಸೂರಿನಿಂದ ನರಸೀಪುರದ ಮೂಲಕ ಸಾರಿಗೆ ಬಸ್ಸುಗಳಿವೆ. ಬಿಸಿಲೇರಿದರೆ ಮರಳು ಕಾದ ಬಾಣಲೆ. ಬೆಳಗ್ಗೆ ಹತ್ತರೊಳಗೆ ಇಲ್ಲವೇ ಸಂಜೆ ನಾಲ್ಕರ ಮೇಲೆ ನಡೆಯುವುದು ಲೇಸು. ಕಾಲುಚೀಲ ತೆಗೆದುಕೊಂಡು ಹೋದರೆ ಬರಿಗಾಲಿನಲ್ಲಿ ನಡೆಯುವಾಗ ಸಹಾಯಕ್ಕೆ ಬರುತ್ತದೆ. ಮಂಡಿನೋವಿನ ಹಿರಿಯರಿಗೆ ವೈದ್ಯೇಶ್ವರ ಒಂದೇ ಸಾಕು. ಬಾಗಿಲ ದ್ವಾರಪಾಲಕರನ್ನು ನೋಡಿದರೇ ಬಂದದ್ದಕ್ಕೆ ಸಾರ್ಥಕ. ಬುತ್ತಿಗೆ ಪುಳಿಯೋಗರೆ, ಮೊಸರನ್ನ ಒಳ್ಳೆಯದು. ಗಾಳಿಗೆ ಮರಳು ಹಾರುವುದರಿಂದ ಬಿಗಿ ಮುಚ್ಚಳದ ಡಬ್ಬಿಯೇ ಆಗಬೇಕು. ಎಲೆ, ಕಾಗದ, ಪ್ಲಾಸ್ಟಿಕ್ಕನ್ನು ಅಲ್ಲಿ ಎಸೆಯದೆ ಚೀಲದಲ್ಲಿ ವಾಪಸ್ಸು ತನ್ನಿ. ಸಮಯ ಮಿಕ್ಕಿದರೆ ಸೋಮನಾಥಪುರವೂ ಇದೇ ತಾಲ್ಲೂಕಿನಲ್ಲಿದೆ.

ಕೊನೆಯದಾಗಿ ಮಕ್ಕಳ ವಿಷಯ. ಹೊಳೆ ನೋಡಲು ಶಾಂತವಾಗಿದ್ದರೂ ಇಲ್ಲಿ ಮರಳಿನಡಿ ಹಠಾತ್ತನೆ ಆಳ ಬರುತ್ತದೆ, ಸುಳಿಯೂ ಇದೆ. ಈಜು ಬಲ್ಲ ದೊಡ್ಡ ಹುಡುಗರೂ ಮುಳುಗಿದ ಉದಾಹರಣೆಗಳಿವೆ. ಊರಿನವರು ತೋರಿಸಿದ ಕಡೆ ಮಾತ್ರ, ಮೊಣಕಾಲುದ್ದ ನೀರಿನಲ್ಲಿ, ಕೈ ಹಿಡಿದುಕೊಂಡೇ ಇಳಿಸಿ. ಮಾಲಂಗಿಯ ಮಡುವನ್ನು ದಡದಿಂದಲೇ ನೋಡಿ, ಅಲಮೇಲಮ್ಮನಿಗೆ ಒಂದು ಹೂವು ಹಾಕಿ ಬಂದರೆ ಸಾಕು.